ಫೆಬ್ರುವರಿಗಷ್ಟೇ ನೆನಪಾಗುವ ಕ್ಲಬ್ಬು ಬೇಡ

(ಅಮೆರಿಕದ ಹೈಸ್ಕೂಲುಗಳಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಕ್ಲಬ್ಬು ಕಟ್ಟಿ ನಡೆಸುವ ಬಗ್ಗೆ ಪೋಷಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಅಮೆರಿಕದ ಯಾವುದಾದರೂ ದೊಡ್ಡ ಹೈಸ್ಕೂಲಿನ ಕ್ಲಬ್ಬುಗಳ ಪಟ್ಟಿ ತೆಗೆದು ನೋಡಿ. ಕಪ್ಪು ವಿದ್ಯಾರ್ಥಿಗಳ ಒಕ್ಕೂಟ, ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ವಿದ್ಯಾರ್ಥಿಗಳ ಸಂಘ, ಏಷ್ಯನ್ ಕ್ಲಬ್ಬು, ಇಲ್ಲವೇ ಎಲ್ಲರನ್ನೂ ಸೇರಿಸಿದ ಒಂದು ‘ಮೈನಾರಿಟಿ ಸ್ಕಾಲರ್ಸ್’, ಹೀಗೆ ಏನಾದರೂ ಇದ್ದೇ ಇರುತ್ತದೆ. ಆ ಕ್ಲಬ್ಬು ವರ್ಷವಿಡೀ ಏನು ಮಾಡಿತು ಅಂತ ಕೇಳಿದರೆ ಬಹಳ ಕಡೆ ಉತ್ತರ ಫೆಬ್ರುವರಿಯ ಆಚೆಗೆ ಹೋಗುವುದಿಲ್ಲ. ಕಪ್ಪು ಜನರ ಇತಿಹಾಸ ನೆನೆಯುವ ಫೆಬ್ರುವರಿಯ ಬ್ಲ್ಯಾಕ್ ಹಿಸ್ಟರಿ ಮಂತ್‌ಗೆ ಗೋಡೆಯ ಮೇಲೆ ಚಿತ್ರ ಅಂಟಿಸಿದೆವು, ಅಸೆಂಬ್ಲಿಯಲ್ಲಿ ಒಂದು ಕಾರ್ಯಕ್ರಮ ಕೊಟ್ಟೆವು, ಊಟದ ಮೇಳದಲ್ಲಿ ಸ್ಟಾಲ್ ಹಾಕಿದೆವು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ನೋಡಿ ಚಪ್ಪಾಳೆ ತಟ್ಟಿದವರಿಗೆ ಸಿಕ್ಕಷ್ಟು ಕೂಡ ಅದನ್ನು ಮಾಡಿದ ಮಕ್ಕಳಿಗೆ ಸಿಕ್ಕಿರುವುದಿಲ್ಲ. ಮುಂದಿನ ವರ್ಷದ ಕೋರ್ಸು ಆರಿಸುವ ಫಾರ್ಮು ಕೈಗೆ ಬಂದಾಗ ಆ ಮಕ್ಕಳ ಪಕ್ಕದಲ್ಲಿ ಯಾರೂ ಕೂತಿರುವುದಿಲ್ಲ.

ಚೆನ್ನಾಗಿ ಓದುವುದು ಒಂದು ಕೆಲಸ, ‘ಇದು ನನ್ನ ಶಾಲೆ’ ಅನ್ನಿಸುವುದು ಇನ್ನೊಂದು ಕೆಲಸ ಅಂತ ಬೇರೆ ಮಾಡಿಟ್ಟ ಕ್ಲಬ್ಬಿಗೆ ಎರಡೂ ದಕ್ಕುವುದಿಲ್ಲ. ಕಷ್ಟದ ಪಾಠವನ್ನು ನಾಲ್ಕು ಜನ ಒಂದೇ ಮೇಜಿನ ಸುತ್ತ ಕೂತು ಬಿಡಿಸುವಾಗ ಎರಡೂ ಒಟ್ಟಿಗೇ ಬರುತ್ತವೆ. ಇವತ್ತಿನ ನನ್ನ ವಾದ ಇಷ್ಟೇ. ಉಳಿದದ್ದೆಲ್ಲ ಅದನ್ನು ಹೇಗೆ ಮಾಡುವುದು ಅನ್ನುವ ವಿವರ.

ಈ ವಾದಕ್ಕೆ ಒಂದು ಹಳೆಯ ಆಧಾರವಿದೆ. 1970ರ ದಶಕದ ಕೊನೆಯಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತದ ಸಂಶೋಧನಾ ವಿದ್ಯಾರ್ಥಿ ಒಂದು ಪ್ರಶ್ನೆ ಹಿಡಿದು ಹೊರಟರು: ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಯಾಕೆ ಇಷ್ಟೊಂದು ಮಂದಿ ಫೇಲಾಗುತ್ತಾರೆ? ಅಧ್ಯಾಪಕರನ್ನು ಕೇಳಿದರೆ ಉತ್ತರ ಸಿದ್ಧವಾಗಿತ್ತು. ಉತ್ಸಾಹ ಕಮ್ಮಿ, ಹೈಸ್ಕೂಲಿನ ತಯಾರಿ ಕಮ್ಮಿ, ಮನೆಯ ಬೆಂಬಲ ಕಮ್ಮಿ, ದುಡ್ಡು ಕಮ್ಮಿ. ಟ್ರೈಸ್ಮನ್ ಇಪ್ಪತ್ತು ಕಪ್ಪು ವಿದ್ಯಾರ್ಥಿಗಳನ್ನೂ ಇಪ್ಪತ್ತು ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಅವರು ಓದುವ ಜಾಗಕ್ಕೇ ಹೋಗಿ ಗಮನಿಸಿದರು. ಆ ನಾಲ್ಕು ಕಾರಣಗಳಲ್ಲಿ ಒಂದೂ ನಿಲ್ಲಲಿಲ್ಲ. ಕಂಡ ವ್ಯತ್ಯಾಸ ತೀರಾ ಸಾದಾ ಆಗಿತ್ತು. ಚೀನೀ ಮೂಲದವರು ಮೊದಲು ಒಬ್ಬೊಬ್ಬರೇ ಲೆಕ್ಕ ಮಾಡಿ, ಆಮೇಲೆ ಒಟ್ಟಿಗೆ ಕೂತು ಉತ್ತರ ಹೋಲಿಸುತ್ತಿದ್ದರು. ಎಲ್ಲರಿಗೂ ತಪ್ಪಿದ ಲೆಕ್ಕ ನಿಜವಾಗಿಯೂ ಕಷ್ಟದ್ದು ಅಂತ ಅವರಿಗೆ ಗೊತ್ತಾಗುತ್ತಿತ್ತು. ಕಪ್ಪು ವಿದ್ಯಾರ್ಥಿಗಳು ಹೆಚ್ಚುಕಮ್ಮಿ ಎಲ್ಲರೂ ಒಂಟಿಯಾಗಿ, ಅಷ್ಟೇ ಶ್ರದ್ಧೆಯಿಂದ ಓದುತ್ತಿದ್ದರು. ಲೆಕ್ಕ ತಪ್ಪಿದರೆ ‘ನನಗೇ ಬರುವುದಿಲ್ಲ’ ಅಂದುಕೊಳ್ಳುತ್ತಿದ್ದರು.

ಟ್ರೈಸ್ಮನ್ ಶುರುಮಾಡಿದ ಕಾರ್ಯಾಗಾರದಲ್ಲಿ ‘ಹಿಂದುಳಿದವರಿಗೆ ವಿಶೇಷ ತರಗತಿ’ ಅನ್ನುವ ಬೋರ್ಡು ಇರಲಿಲ್ಲ. ತರಗತಿಯದಕ್ಕಿಂತ ಕಷ್ಟದ ಲೆಕ್ಕಗಳನ್ನು ಕೊಟ್ಟು ಗುಂಪಾಗಿ ಕೂರಿಸಿದರು. ಫಲಿತಾಂಶ ಸುಧಾರಿಸಿತು, ಅನೇಕ ವಿಶ್ವವಿದ್ಯಾಲಯಗಳು ಆ ಮಾದರಿ ತೆಗೆದುಕೊಂಡವು. ಹೈಸ್ಕೂಲಿನ ಕ್ಲಬ್ಬಿಗೂ ಇದರಿಂದ ಕಲಿಯುವುದಿದೆ. ‘ಟ್ಯೂಷನ್ ಬೇಕಾದವರು ಬನ್ನಿ’ ಅಂತ ಕರೆದರೆ ನಿಜಕ್ಕೂ ಬೇಕಾದವರು ಬರುವುದಿಲ್ಲ, ಮಾನ ಅಡ್ಡ ಬರುತ್ತದೆ. ‘ಕೆಮಿಸ್ಟ್ರಿಯ ಕಷ್ಟದ ಪ್ರಶ್ನೆಗಳನ್ನು ಬಿಡಿಸುತ್ತಿದ್ದೇವೆ’ ಅಂತ ಕರೆದು ನೋಡಿ.

ಎರಡನೆಯ ಆಧಾರ ಇನ್ನೂ ಹತ್ತಿರದ್ದು. 2011ರಲ್ಲಿ ಗ್ರೆಗ್ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜಿಗೆ ಹೊಸದಾಗಿ ಬಂದವರಿಗೆ ಸುಮಾರು ಒಂದು ಗಂಟೆಯ ಕೆಲಸ: ‘ನಾನು ಇಲ್ಲಿಗೆ ಸೇರಿದವನೋ ಅಲ್ಲವೋ ಅನ್ನುವ ಅಳುಕು ಮೊದಲ ವರ್ಷ ಎಲ್ಲರಿಗೂ ಇರುತ್ತದೆ, ಕ್ರಮೇಣ ಹೋಗುತ್ತದೆ’ ಎಂಬ ಹಿರಿಯ ವಿದ್ಯಾರ್ಥಿಗಳ ಅನುಭವ ಓದುವುದು, ಆಮೇಲೆ ತಮ್ಮ ಮಾತಿನಲ್ಲಿ ಬರೆಯುವುದು. ಮೂರು ವರ್ಷದ ಅವಧಿಯಲ್ಲಿ ಕಪ್ಪು ವಿದ್ಯಾರ್ಥಿಗಳ ಅಂಕಗಳು ಏರಿದವು, ಬಿಳಿಯ ವಿದ್ಯಾರ್ಥಿಗಳೊಂದಿಗಿನ ಅಂತರ ಅರ್ಧದಷ್ಟು ತಗ್ಗಿತು. ಇದನ್ನು ಕೇಳಿದ ಕೂಡಲೇ ‘ಒಂದು ಗಂಟೆ ಸಾಕಲ್ಲ’ ಅಂತ ಖುಷಿಪಡುವವರು 2023ರ ದೊಡ್ಡ ಅಧ್ಯಯನವನ್ನೂ ನೋಡಬೇಕು. 22 ಕಾಲೇಜುಗಳು, 26,911 ವಿದ್ಯಾರ್ಥಿಗಳು. ಅಲ್ಲಿ ಕಂಡದ್ದೇನೆಂದರೆ, ಆಯಾ ಸಮುದಾಯದ ಮಕ್ಕಳಿಗೆ ನಿಜವಾಗಿ ಬೆರೆಯುವ ಅವಕಾಶ ಇದ್ದ ಕಾಲೇಜುಗಳಲ್ಲಿ ಮಾತ್ರ ಈ ಉಪಾಯ ಫಲ ಕೊಟ್ಟಿತು. ಸ್ನೇಹಿತರಿಲ್ಲದ, ಮಾತಾಡಿಸುವ ಮೇಷ್ಟ್ರಿಲ್ಲದ ಜಾಗದಲ್ಲಿ ‘ನೀನೂ ನಮ್ಮವನೇ’ ಅಂತ ಬರೆದ ಪೋಸ್ಟರು ಸುಳ್ಳಾಗಿ ಕಾಣುತ್ತದೆ. ಮಕ್ಕಳಿಗೆ ಅದು ತಕ್ಷಣ ತಿಳಿಯುತ್ತದೆ.

ಹೈಸ್ಕೂಲಿನದೇ ಉದಾಹರಣೆ ಬೇಕಾದರೆ ಒಹಾಯೋದ ಶೇಕರ್ ಹೈಟ್ಸ್ ಇದೆ. ಕ್ಲೀವ್‌ಲ್ಯಾಂಡ್ ಪಕ್ಕದ ಊರು. 1990ರಲ್ಲಿ ಅಲ್ಲಿನ ಹೈಸ್ಕೂಲಿನಲ್ಲಿ ಮ್ಯಾಕ್ ಸ್ಕಾಲರ್ಸ್ ಎಂಬ ವಿದ್ಯಾರ್ಥಿಗಳ ಗುಂಪು ಶುರುವಾಯಿತು. ಚೆನ್ನಾಗಿ ಓದುವ ದೊಡ್ಡ ತರಗತಿಯ ಕಪ್ಪು ಹುಡುಗರು ಚಿಕ್ಕ ತರಗತಿಯ ಹುಡುಗರನ್ನು ಜೊತೆಗೆ ಕರೆದುಕೊಳ್ಳುವುದು ಅದರ ಜೀವಾಳ. ಹುಡುಗಿಯರ ಗುಂಪು ಆಮೇಲೆ ಬಂತು. ಇಂಥ ಕೆಲವು ಶಾಲಾ ಜಿಲ್ಲೆಗಳು ಸೇರಿ 1999ರಲ್ಲಿ ಮೈನಾರಿಟಿ ಸ್ಟೂಡೆಂಟ್ ಅಚೀವ್‌ಮೆಂಟ್ ನೆಟ್‌ವರ್ಕ್ ಎಂಬ ಒಕ್ಕೂಟ ಕಟ್ಟಿಕೊಂಡವು. ಹುಡುಗರನ್ನು ಕರೆಯುವ ಕೆಲಸ ಹುಡುಗರದೇ ಆಗಿತ್ತು ಅನ್ನುವುದನ್ನು ಗಮನಿಸಿ. ಹದಿನಾಲ್ಕು ವರ್ಷದವನಿಗೆ ಹದಿನೇಳು ವರ್ಷದವನ ಮಾತು ತಾಗುವಷ್ಟು ನಿಮ್ಮದಾಗಲಿ ನನ್ನದಾಗಲಿ ತಾಗುವುದಿಲ್ಲ.

ಇನ್ನು ಕಟ್ಟುವ ಕೆಲಸ. ಮೊದಲು ಕಾನೂನು, ಯಾಕೆಂದರೆ ಎಡವುವುದು ಇಲ್ಲೇ. 1984ರ ಈಕ್ವಲ್ ಆಕ್ಸೆಸ್ ಆ್ಯಕ್ಟ್ ಪ್ರಕಾರ, ಫೆಡರಲ್ (ಕೇಂದ್ರ ಸರ್ಕಾರದ) ಹಣ ಪಡೆಯುವ ಸಾರ್ವಜನಿಕ ಹೈಸ್ಕೂಲು ಪಾಠಕ್ಕೆ ಸಂಬಂಧಿಸದ ಒಂದು ಕ್ಲಬ್ಬಿಗೆ ಪಾಠವಿಲ್ಲದ ಹೊತ್ತಿನಲ್ಲಿ ಜಾಗ ಕೊಟ್ಟಿದ್ದರೆ, ಅಲ್ಲಿ ಆಡುವ ಮಾತಿನ ವಿಷಯ ನೋಡಿ ಇನ್ನೊಂದು ಕ್ಲಬ್ಬಿಗೆ ಇಲ್ಲ ಅನ್ನುವಂತಿಲ್ಲ. ತಮಾಷೆ ಏನೆಂದರೆ ಈ ಕಾನೂನಿಗೆ ಒತ್ತಾಯ ಮಾಡಿದವರು ಬೈಬಲ್ ಓದುವ ಕ್ಲಬ್ಬು ಬೇಕೆಂದವರು. 1990ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದೂ ನೆಬ್ರಾಸ್ಕಾದ ಅಂಥದೇ ಒಂದು ಪ್ರಕರಣದಲ್ಲಿ. ಬಾಗಿಲು ತೆರೆದ ಮೇಲೆ ಎಲ್ಲರೂ ಒಳಗೆ ಬಂದರು. ಕಾನೂನಿಗೆ ಷರತ್ತುಗಳೂ ಇವೆ: ಕ್ಲಬ್ಬನ್ನು ವಿದ್ಯಾರ್ಥಿಗಳೇ ಶುರುಮಾಡಬೇಕು, ಸೇರುವುದು ಅವರವರ ಇಷ್ಟ, ಹೊರಗಿನ ದೊಡ್ಡವರು ಅದನ್ನು ನಡೆಸುವಂತಿಲ್ಲ, ಪ್ರತಿ ಸಭೆಗೂ ಬಂದು ಕೂರುವಂತಿಲ್ಲ. ಪೋಷಕರೇ, ಈ ಕೊನೆಯದು ನಿಮಗೆ. ಅರ್ಜಿಯಲ್ಲಿ ಮಕ್ಕಳ ಸಹಿ ಇರಲಿ, ನಿಮ್ಮದಲ್ಲ.

ಇನ್ನೊಂದು, 1964ರ ಸಿವಿಲ್ ರೈಟ್ಸ್ ಆ್ಯಕ್ಟಿನ ಆರನೆಯ ಅಧ್ಯಾಯ. ಜನಾಂಗ, ಬಣ್ಣ, ಮೂಲದೇಶ ನೋಡಿ ಯಾರನ್ನೂ ಹೊರಗಿಡುವಂತಿಲ್ಲ. ಹಾಗಾಗಿ ಕ್ಲಬ್ಬಿನ ನಿಯಮಾವಳಿಯ ಮೊದಲ ಸಾಲೇ ‘ಶಾಲೆಯ ಯಾವ ವಿದ್ಯಾರ್ಥಿಯೂ ಸೇರಬಹುದು’ ಎಂದಿರಬೇಕು. ಆಮೇಲೆ ಉದ್ದೇಶ ಬರೆಯಿರಿ. ಉದ್ದೇಶ ಸ್ಪಷ್ಟವಾಗಿದ್ದರೆ ಬರಬೇಕಾದವರೇ ಬರುತ್ತಾರೆ. ಬಿಳಿಯ ಸ್ನೇಹಿತ ಒಬ್ಬ ಬಂದು ಕೂತರೆ ಕೂರಲಿ, ಅವನಿಗೂ ಕೆಮಿಸ್ಟ್ರಿ ಇದೆ. ನಿಯಮಾವಳಿ ಒಂದೇ ಪುಟದ್ದಾಗಿರಲಿ: ಹೆಸರು, ಉದ್ದೇಶ, ಯಾರು ಸೇರಬಹುದು, ಪದಾಧಿಕಾರಿಗಳು ಎಷ್ಟು, ಯಾವಾಗ ಚುನಾವಣೆ, ದುಡ್ಡಿನ ಲೆಕ್ಕ ಯಾರದ್ದು. ಐದು ಪುಟ ಬರೆದ ಕ್ಲಬ್ಬುಗಳು ಮೊದಲ ಎರಡು ತಿಂಗಳನ್ನು ತಿದ್ದುಪಡಿಯಲ್ಲೇ ಕಳೆಯುತ್ತವೆ.

ಹೊತ್ತಿನ ವಿಷಯ ಸಣ್ಣದೆನ್ನಿಸುತ್ತದೆ, ಆದರೆ ಹೆಚ್ಚು ಕ್ಲಬ್ಬುಗಳು ಸಾಯುವುದು ಇದರಿಂದಲೇ. ಶಾಲೆ ಬಿಟ್ಟ ಮೇಲೆ ಸಭೆ ಇಟ್ಟರೆ ಶಾಲೆಯ ಹಳದಿ ಬಸ್ಸಿನಲ್ಲಿ ಹೋಗುವ ಮಕ್ಕಳು ಹೋಗಿಬಿಡುತ್ತಾರೆ. ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು, ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಹೋಗುವವರು, ಆಟದ ಅಭ್ಯಾಸ ಇರುವವರು ಎಲ್ಲ ಹೋದ ಮೇಲೆ ಉಳಿಯುವುದು ಕಾರು ಇರುವ ಮಕ್ಕಳು. ನೀವು ಯಾರಿಗಾಗಿ ಕ್ಲಬ್ಬು ಕಟ್ಟಿದಿರೋ ಅವರೇ ಇರುವುದಿಲ್ಲ. ಶಾಲೆಯಲ್ಲಿ ತಡವಾಗಿ ಹೊರಡುವ ಬಸ್ಸು ಇದೆಯೇ, ಯಾವ ದಿನ, ಎಷ್ಟು ಗಂಟೆಗೆ ಅಂತ ಮೊದಲು ಕೇಳಿ, ಸಭೆಯನ್ನು ಆ ದಿನಕ್ಕೇ ಹಾಕಿ. ಇಲ್ಲದಿದ್ದರೆ ಊಟದ ಬಿಡುವೇ ಗತಿ. ಅರ್ಧ ಗಂಟೆಯ ಬಿಡುವಿನಲ್ಲಿ ಸಾಲಿನಲ್ಲಿ ನಿಂತು ಊಟ ತರುವುದಕ್ಕೆ ಹತ್ತು ನಿಮಿಷ ಹೋದರೆ ಕೈಯಲ್ಲಿ ಇಪ್ಪತ್ತು ನಿಮಿಷ. ಆ ಇಪ್ಪತ್ತರಲ್ಲಿ ಎರಡು ಕೆಲಸವಷ್ಟೇ ಆಗುತ್ತದೆ: ಈ ವಾರದ ಗಡುವುಗಳನ್ನು ಹೇಳುವುದು, ಯಾರು ಯಾರೊಟ್ಟಿಗೆ ಯಾವಾಗ ಓದಲು ಕೂರುತ್ತಾರೆ ಅನ್ನುವುದನ್ನು ಬರೆದುಕೊಳ್ಳುವುದು. ಮೂರನೆಯದನ್ನು ತುರುಕಬೇಡಿ.

ಓದುವ ಗುಂಪು ಬೇರೆ ಹೊತ್ತಿನಲ್ಲಿ, ವಾರಕ್ಕೊಮ್ಮೆ, ಸುಮಾರು ಒಂದೂಕಾಲು ಗಂಟೆ. ಒಂದು ಗುಂಪಿನಲ್ಲಿ ನಾಲ್ಕರಿಂದ ಆರು ಜನ, ಎಲ್ಲರದ್ದೂ ಒಂದೇ ಕೋರ್ಸು. ಮೂವರಿದ್ದರೆ ಒಬ್ಬರು ತಪ್ಪಿಸಿಕೊಂಡ ದಿನ ಗುಂಪೇ ಇಲ್ಲ, ಎಂಟು ಜನವಾದರೆ ಇಬ್ಬರು ಮಾತಾಡುತ್ತಾರೆ, ಆರು ಮಂದಿ ನಕಲು ಮಾಡುತ್ತಾರೆ. ಮೊದಲ ಹದಿನೈದು ನಿಮಿಷ ಯಾರೂ ಮಾತಾಡುವಂತಿಲ್ಲ, ಒಬ್ಬೊಬ್ಬರೇ ಪ್ರಯತ್ನಿಸಬೇಕು. ಇದನ್ನು ಬಿಟ್ಟರೆ ಚುರುಕಾದವನು ಮೊದಲೇ ಉತ್ತರ ಹೇಳಿಬಿಡುತ್ತಾನೆ. ಆಮೇಲೆ ಉತ್ತರ ಹೋಲಿಸಿ, ಬೇರೆಬೇರೆ ಬಂದಲ್ಲಿ ವಾದ ಮಾಡಬೇಕು. ಸಹಾಯಕ್ಕೆ ಕೂತ ಹಿರಿಯ ವಿದ್ಯಾರ್ಥಿಗೆ ಒಂದೇ ನಿಯಮ: ಪೆನ್ಸಿಲ್ ಮುಟ್ಟಬಾರದು. ಕೈಗೆ ಪೆನ್ಸಿಲ್ ಬಂದ ಕ್ಷಣ ಅವನು ಲೆಕ್ಕ ಮಾಡಿ ತೋರಿಸುತ್ತಾನೆ, ಉಳಿದವರು ತಲೆ ಆಡಿಸುತ್ತಾರೆ. ಮನೆಪಾಠವನ್ನೇ ಅಲ್ಲಿ ಮುಗಿಸಲು ಬಿಟ್ಟರೆ ಕೂಡ ಗುಂಪು ಕೆಡುತ್ತದೆ. ಮೇಷ್ಟ್ರ ಹತ್ತಿರ ಹೋಗಿ ಹಳೆಯ ಪರೀಕ್ಷೆಗಳಿಂದ ನಾಲ್ಕು ಗಟ್ಟಿ ಪ್ರಶ್ನೆ ಕೇಳಿ ತನ್ನಿ. ಹೆಚ್ಚಿನವರು ಖುಷಿಯಿಂದ ಕೊಡುತ್ತಾರೆ.

ಯಾರ ಮೇಲೆ ಹೆಚ್ಚು ಗಮನ? ಒಂಬತ್ತನೇ ತರಗತಿಯವರ, ಅಂದರೆ ಹೈಸ್ಕೂಲಿನ ಮೊದಲ ವರ್ಷದವರ ಮೇಲೆ, ಅನುಮಾನವೇ ಬೇಡ. ಕಾಲೇಜು ಅರ್ಜಿಯ ಗಡಿಬಿಡಿ ಹನ್ನೆರಡನೆಯವರದ್ದಾದ್ದರಿಂದ ಕ್ಲಬ್ಬುಗಳು ಅತ್ತ ಓಡುತ್ತವೆ. ಷಿಕಾಗೋ ಶಾಲೆಗಳ ಮೇಲಿನ ಸಂಶೋಧನೆಯಲ್ಲಿ ಕಂಡ ಸಂಗತಿ ಬೇರೆ: ಒಂಬತ್ತನೇ ತರಗತಿಯ ಕೊನೆಗೆ ಮುಂದಿನ ತರಗತಿಗೆ ಬೇಕಾದಷ್ಟು ಕ್ರೆಡಿಟ್ ಗಳಿಸಿ, ಮುಖ್ಯ ವಿಷಯಗಳಲ್ಲಿ ಒಂದು ಸೆಮಿಸ್ಟರಿನ ಒಂದಕ್ಕಿಂತ ಹೆಚ್ಚು ಎಫ್ (ಫೇಲು) ಇಲ್ಲದ ಮಕ್ಕಳು, ಉಳಿದವರಿಗಿಂತ ಮೂರೂವರೆ ಪಟ್ಟು ಹೆಚ್ಚಾಗಿ ನಾಲ್ಕು ವರ್ಷದಲ್ಲಿ ಹೈಸ್ಕೂಲು ಮುಗಿಸುತ್ತಾರೆ. ಹಾಗಾಗಿ ಒಬ್ಬ ಹಿರಿಯ ವಿದ್ಯಾರ್ಥಿಗೆ ಎರಡು ಅಥವಾ ಮೂರು ಹೊಸಬರನ್ನು ಜೊತೆಮಾಡಿ. ಐದು ಕೊಟ್ಟರೆ ಯಾರನ್ನೂ ನೋಡುವುದಿಲ್ಲ. ಮೊದಲ ಪ್ರೋಗ್ರೆಸ್ ರಿಪೋರ್ಟು ಬರುವ ವಾರವೇ ಜೋಡಿಗಳು ಕೂರಬೇಕು. ಸೆಮಿಸ್ಟರ್ ಮುಗಿದ ಮೇಲೆ ಎಫ್ ನೋಡಿ ಏನು ಪ್ರಯೋಜನ? ಅಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಬಂತು’ ಅಲ್ಲ, ‘ಯಾವ ಕೆಲಸ ಕೊಟ್ಟಿಲ್ಲ’. ಒಂಬತ್ತನೇ ತರಗತಿಯ ಎಫ್‌ಗಳಲ್ಲಿ ಬಹಳಷ್ಟು ಅರ್ಥವಾಗದೆ ಬಂದವಲ್ಲ, ಕೊಟ್ಟ ಕೆಲಸವನ್ನು ಒಪ್ಪಿಸದೆ ಬಂದವು. ಸೊನ್ನೆಗಳನ್ನು ತುಂಬಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ.

ಅಂಕದ ವಿಷಯದಲ್ಲಿ ಒಂದು ಎಚ್ಚರಿಕೆ. ವಿದ್ಯಾರ್ಥಿಗಳ ದಾಖಲೆಯ ಗುಟ್ಟು ಕಾಯುವ 1974ರ ಫರ್ಪಾ ಕಾನೂನಿನಂತೆ ಶಾಲೆ ಒಂದು ಮಗುವಿನ ದಾಖಲೆಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಕ್ಲಬ್ಬಿನ ಹುಡುಗರ ಕೈಗೆ ಕೊಡುವಂತಿಲ್ಲ. ಕ್ಲಬ್ಬಿನ ಮೇಲ್ವಿಚಾರಣೆಗೆ ಇರುವ ಅಡ್ವೈಸರ್ ಆದ ಮೇಷ್ಟ್ರು ಕಂಪ್ಯೂಟರಿನಲ್ಲಿ ನೋಡಿ ಪಟ್ಟಿ ಮಾಡಿ ಹಂಚಿದರೆ ಅದು ಕಾನೂನು ಮುರಿದಂತೆ. ಮಗು ತಾನಾಗಿ ತನ್ನ ಹಾಳೆ ತಂದು ತನ್ನ ಜೊತೆಗಾರನಿಗೆ ತೋರಿಸಿದರೆ ಸರಿ. ಎಲ್ಲರ ಮುಂದೆ ಜಿಪಿಎ (ಎಲ್ಲ ಕೋರ್ಸುಗಳ ಸರಾಸರಿ ಗ್ರೇಡು) ಓದಿಸುವ ಚಟ ಕೆಲವು ಕಡೆ ಇದೆ. ಅಂಥ ಕಡೆ ಮುಂದಿನ ವಾರ ಅರ್ಧ ಕುರ್ಚಿ ಖಾಲಿ.

ಈಗ ಕೋರ್ಸು ಆರಿಸುವ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಬೇರೆ ದೇಶದಲ್ಲಿ ಓದಿದ ಪೋಷಕರಿಗೆ ಇದು ಗೊತ್ತಿರುವುದೇ ಇಲ್ಲ. ಇಲ್ಲಿನ ಗಣಿತ ಒಂದು ಏಣಿ. ಎಂಟನೇ ತರಗತಿಯಲ್ಲಿ ಆಲ್ಜಿಬ್ರಾ 1 ಮುಗಿಸಿದ ಮಗು ಒಂಬತ್ತರಲ್ಲಿ ಜಾಮಿಟ್ರಿ, ಹತ್ತರಲ್ಲಿ ಆಲ್ಜಿಬ್ರಾ 2, ಹನ್ನೊಂದರಲ್ಲಿ ಪ್ರಿಕ್ಯಾಲ್ಕುಲಸ್, ಹನ್ನೆರಡರಲ್ಲಿ ಕ್ಯಾಲ್ಕುಲಸ್ ಮುಟ್ಟುತ್ತದೆ. ಒಂಬತ್ತರಲ್ಲಿ ಆಲ್ಜಿಬ್ರಾ 1 ಶುರುಮಾಡಿದವರು ಪ್ರಿಕ್ಯಾಲ್ಕುಲಸ್‌ಗೇ ನಿಲ್ಲುತ್ತಾರೆ. ಎಂಜಿನಿಯರಿಂಗ್ ಕಡೆ ನೋಡುವ ಮಗುವಿನ ದಾರಿ ಹನ್ನೆರಡು ಹದಿಮೂರನೇ ವಯಸ್ಸಿನಲ್ಲೇ, ಒಬ್ಬ ಮೇಷ್ಟ್ರ ಶಿಫಾರಸಿನ ಮೇಲೆ, ಮನೆಯಲ್ಲಿ ಯಾರಿಗೂ ಗೊತ್ತಾಗದೆ ತೀರ್ಮಾನವಾಗಿಬಿಡುತ್ತದೆ. ಬಿಟ್ಟ ಮೆಟ್ಟಿಲನ್ನು ಹತ್ತುವ ದಾರಿ ಎರಡು. ಹತ್ತನೇ ತರಗತಿಯಲ್ಲಿ ಜಾಮಿಟ್ರಿ ಮತ್ತು ಆಲ್ಜಿಬ್ರಾ 2 ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದು. ಇಲ್ಲವೇ ಒಂದನ್ನು ಬೇಸಿಗೆ ರಜೆಯಲ್ಲಿ ಮುಗಿಸುವುದು. ಮೊದಲನೆಯದೇ ಮೇಲು ಅಂತ ನನ್ನ ಅಭಿಪ್ರಾಯ, ಒಂದು ಐಚ್ಛಿಕ ವಿಷಯ ಬಿಡಬೇಕಾದರೂ ಸರಿ. ಬೇಸಿಗೆಯ ಕೆಲವೇ ವಾರಗಳಲ್ಲಿ ಓಡಿಸಿದ ಜಾಮಿಟ್ರಿಯ ಸಡಿಲು ಪ್ರಿಕ್ಯಾಲ್ಕುಲಸ್‌ನ ತ್ರಿಕೋನಮಿತಿಗೆ ಬಂದಾಗ ಹೊರಗೆ ಬರುತ್ತದೆ.

ಮುಂದಿನ ವರ್ಷದ ಕೋರ್ಸಿನ ಕೋರಿಕೆ ಬಹುತೇಕ ಶಾಲೆಗಳಲ್ಲಿ ಜನವರಿಯಿಂದ ಮಾರ್ಚ್ ನಡುವೆ. ಅದಕ್ಕೆ ಒಂದು ಇಡೀ ಸಭೆ ಮೀಸಲಿಡಿ. ಕೋರ್ಸು ಕ್ಯಾಟಲಾಗು ಮುಂದಿಟ್ಟುಕೊಂಡು ಪ್ರತಿಯೊಬ್ಬರೂ ನಾಲ್ಕು ವರ್ಷದ ಯೋಜನೆ ಪೆನ್ಸಿಲಿನಲ್ಲಿ ಬರೆಯಲಿ. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಕೋರ್ಸಿಗೆ ‘ನೀನು ಬೇಡ’ ಅಂತ ಯಾರಾದರೂ ಹೇಳಿದ್ದರೆ ಕೌನ್ಸೆಲರ್ ಹತ್ತಿರ ಒಂದೇ ಪ್ರಶ್ನೆ: ‘ಈ ಕೋರ್ಸಿಗೆ ಸೇರಲು ಬರವಣಿಗೆಯಲ್ಲಿ ಇರುವ ನಿಯಮ ಏನು?’ ಅನೇಕ ಶಾಲೆಗಳಲ್ಲಿ ಶಿಫಾರಸು ಇಲ್ಲದೆಯೂ ಪೋಷಕರ ಸಹಿಯ ಒಂದು ಫಾರ್ಮಿನಿಂದ ಸೇರಬಹುದು, ಆ ಫಾರ್ಮು ಕೇಳಿದವರಿಗೆ ಮಾತ್ರ ಸಿಗುತ್ತದೆ. ಜಗಳ ಬೇಡ, ಫಾರ್ಮು ಕೇಳಿ. ಮತ್ತು ಒಂದು ಕೋರ್ಸಿಗೆ ಒಬ್ಬರನ್ನೇ ಕಳಿಸಬೇಡಿ, ಮೂರು ನಾಲ್ಕು ಜನ ಒಟ್ಟಿಗೆ ಸೇರಿ. ಇಪ್ಪತ್ತೆಂಟು ಮಂದಿಯ ತರಗತಿಯಲ್ಲಿ ತನ್ನಂಥವರು ಇನ್ನೊಬ್ಬರಿಲ್ಲದಿದ್ದರೆ ಎರಡನೇ ವಾರಕ್ಕೇ ಬಿಡುವ ಆಲೋಚನೆ ಬರುತ್ತದೆ. ಇನ್ನು ದುಡ್ಡು: ಎಪಿ ಪರೀಕ್ಷೆ ಮೇ ತಿಂಗಳಲ್ಲಿ, ಒಂದಕ್ಕೆ ಹೆಚ್ಚುಕಮ್ಮಿ 100 ಡಾಲರ್, ಆದರೆ ಹೆಸರು ಕೊಡುವ ಗಡುವು ಹಿಂದಿನ ನವೆಂಬರಿನ ಮಧ್ಯದಲ್ಲೇ. ಕಡಿಮೆ ಆದಾಯದ ಮನೆಯವರಿಗೆ ಶುಲ್ಕ ಕಡಿತ ಉಂಟು. ಅದನ್ನು ಗಡುವಿಗೆ ಮೊದಲೇ ಶಾಲೆಯಲ್ಲಿ ಕೇಳಬೇಕು.

ಶಾಲೆಯೊಂದಿಗೆ ಮಾತಾಡುವಾಗ ದೂರಿಗಿಂತ ಲೆಕ್ಕ ತೆಗೆದುಕೊಂಡು ಹೋಗಿ. ಫೆಡರಲ್ ಶಿಕ್ಷಣ ಇಲಾಖೆಯ ಸಿವಿಲ್ ರೈಟ್ಸ್ ಡೇಟಾ ಕಲೆಕ್ಷನ್‌ನಲ್ಲಿ ಪ್ರತಿ ಸಾರ್ವಜನಿಕ ಶಾಲೆಯ ಅಂಕಿಗಳು, ಎಪಿ ಸೇರಿದವರ ಜನಾಂಗವಾರು ಲೆಕ್ಕವೂ ಸೇರಿ, ಯಾರು ಬೇಕಾದರೂ ನೋಡುವಂತಿವೆ. ಯಾರ ಖಾಸಗಿ ದಾಖಲೆಯನ್ನೂ ಮುಟ್ಟಬೇಕಿಲ್ಲ. ಉದಾಹರಣೆಗೆ 1,200 ಮಕ್ಕಳ ಶಾಲೆಯಲ್ಲಿ 300 ಕಪ್ಪು ಮತ್ತು ಲ್ಯಾಟಿನೋ ಮಕ್ಕಳಿದ್ದಾರೆ ಅನ್ನಿ, ನೂರಕ್ಕೆ 25. ಎಪಿ ಓದುವ 200 ಜನರಲ್ಲಿ ಅವರು 18, ನೂರಕ್ಕೆ 9. ಅವರ ಪಾಲಿನಂತೆ 50 ಇರಬೇಕಿತ್ತು, 32 ಮಕ್ಕಳು ಕಾಣೆ. ಪ್ರಿನ್ಸಿಪಾಲರ ಮುಂದೆ ‘ಅನ್ಯಾಯ’ ಅಂದರೆ ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ಶುರುಮಾಡುತ್ತಾರೆ. ‘ಮುಂದಿನ ವರ್ಷ ಈ 32ರಲ್ಲಿ 10 ಜನರನ್ನು ಸೇರಿಸೋಣ, ಓದುವ ಗುಂಪು ನಾವು ನಡೆಸುತ್ತೇವೆ’ ಅಂದರೆ ಇಲ್ಲ ಅನ್ನುವುದು ಕಷ್ಟ.

ನಮ್ಮ ಕನ್ನಡದ ಮನೆಗಳಲ್ಲಿ ಒಂದು ಮಾತು ಬರುತ್ತದೆ: ‘ನಮ್ಮ ಮಕ್ಕಳು ಚೆನ್ನಾಗಿಯೇ ಓದುತ್ತಾರಲ್ಲ, ಈ ಕ್ಲಬ್ಬು ಅವರಿಗೆ ಯಾಕೆ?’ ‘ಏಷ್ಯನ್’ ಎಂಬ ಒಂದೇ ಡಬ್ಬದಲ್ಲಿ ಸಾಫ್ಟ್‌ವೇರ್ ಮನೆಯ ಮಗುವೂ ಇದೆ, ಭೂತಾನಿನಿಂದ ನಿರಾಶ್ರಿತರಾಗಿ ಬಂದ ನೇಪಾಳಿ ಭಾಷೆಯ ಮಗುವೂ ಇದೆ. ಸರಾಸರಿ ತೆಗೆದರೆ ಎರಡನೆಯ ಮಗು ಮಾಯ. ಮೊದಲನೆಯ ಮಗುವಿಗೂ ಕಷ್ಟವಿಲ್ಲದಿಲ್ಲ. ‘ನಿನಗೆ ಗಣಿತ ಬರಲೇಬೇಕಲ್ಲ’ ಅನ್ನುವ ನಿರೀಕ್ಷೆಯಲ್ಲಿ ಬರುವುದಿಲ್ಲ ಅಂತ ಕೈ ಎತ್ತುವುದು ನಾಚಿಕೆಯಾಗಿಬಿಡುತ್ತದೆ. ಆದರೆ ಒಂದು ಮಾತು ನಿಷ್ಠುರವಾಗಿ ಹೇಳಲೇಬೇಕು. ಹನ್ನೊಂದನೇ ತರಗತಿಯಲ್ಲಿ ಬಂದು ಸೇರಿ, ಅರ್ಜಿಯಲ್ಲಿ ಬರೆಯುವುದಕ್ಕಾಗಿ ಅಧ್ಯಕ್ಷಗಿರಿ ಹಿಡಿಯುವುದು ಬೇಡ. ಇದನ್ನು ತಡೆಯಲು ನಿಯಮಾವಳಿಯಲ್ಲೇ ಒಂದು ಸಾಲು ಹಾಕಬಹುದು: ಒಂದು ಪೂರ್ತಿ ವರ್ಷ ಹೊಸಬರ ಜೊತೆಗಾರರಾಗಿ ಕೆಲಸ ಮಾಡಿದವರಷ್ಟೇ ಪದಾಧಿಕಾರಿಗಳಾಗಬಹುದು.

ತರಗತಿಯಲ್ಲಿ ಯಾರೋ ಜನಾಂಗ ಹಿಡಿದು ಹೀಯಾಳಿಸಿದರು ಅನ್ನುವ ಮಾತು ಕ್ಲಬ್ಬಿಗೆ ಬಂದೇ ಬರುತ್ತದೆ. ಆ ದಿನವೇ ದಿನಾಂಕ, ಹೊತ್ತು, ಜಾಗ, ಆಡಿದ ಮಾತು ಹಾಗೆಹಾಗೇ, ಕೇಳಿದವರು ಯಾರು, ಇವಿಷ್ಟನ್ನು ಮಗು ಬರೆದಿಡಲಿ. ಎರಡು ವಾರದ ಮೇಲೆ ನೆನಪಿನಿಂದ ಬರೆದದ್ದಕ್ಕೆ ತೂಕ ಇರುವುದಿಲ್ಲ. ದೂರು ಹೋಗಬೇಕಾದದ್ದು ಆಡಳಿತಕ್ಕೆ, ಕ್ಲಬ್ಬಿನ ವಾಟ್ಸ್ಆ್ಯಪ್ ಗುಂಪಿಗಲ್ಲ. ಅಡ್ವೈಸರ್ ಮೊದಲ ಸಭೆಯಲ್ಲೇ ಹೇಳಿಬಿಡಬೇಕು: ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಅನುಮಾನ ಬಂದರೆ ಕಾನೂನಿನಂತೆ ನಾನು ವರದಿ ಮಾಡಲೇಬೇಕು, ಗುಟ್ಟು ಇಟ್ಟುಕೊಳ್ಳುತ್ತೇನೆ ಅಂತ ಮಾತು ಕೊಡಲಾರೆ. ಮೊದಲೇ ತಿಳಿದ ಮಗು ನಂಬಿಕೆ ಕಳೆದುಕೊಳ್ಳುವುದಿಲ್ಲ, ಆಮೇಲೆ ತಿಳಿದರೆ ಕಳೆದುಕೊಳ್ಳುತ್ತದೆ.

ಅಡ್ವೈಸರ್ ಯಾರು ಅನ್ನುವುದು ಸೂಕ್ಷ್ಮ. ಶಾಲೆಯಲ್ಲಿರುವ ಒಬ್ಬರೇ ಕಪ್ಪು ಶಿಕ್ಷಕಿಯ ಮೇಲೆ ಕ್ಲಬ್ಬು, ಫೆಬ್ರುವರಿ ಕಾರ್ಯಕ್ರಮ, ಪೋಷಕರ ಸಮಾಧಾನ, ಶಿಸ್ತಿನ ಪಂಚಾಯಿತಿ ಎಲ್ಲ ಹೇರುವುದು ನಡೆದೇ ಇದೆ. ಆಕೆ ಎರಡು ವರ್ಷಕ್ಕೆ ಬಸವಳಿಯುತ್ತಾರೆ, ಬೇರೆ ಶಾಲೆಗೆ ಹೋದರೆ ಕ್ಲಬ್ಬು ಮುಚ್ಚುತ್ತದೆ. ಇಬ್ಬರು ಅಡ್ವೈಸರ್ ಇರಲಿ, ಅದರಲ್ಲಿ ಒಬ್ಬರು ಗಣಿತ ಅಥವಾ ವಿಜ್ಞಾನದವರಾಗಿರಲಿ. ನಾಟಕದ ಕ್ಲಬ್ಬಿನ ಶಿಕ್ಷಕರಿಗೆ ಸ್ಟೈಪೆಂಡ್ ಇದ್ದರೆ ಇವರಿಗೂ ಇರಲಿ ಅಂತ ಕೇಳಿ. ಇನ್ನೊಂದು ತೊಂದರೆ ಎಂದರೆ ತುಂಟ ಮಕ್ಕಳನ್ನು ಶಿಕ್ಷೆಯಾಗಿ ಕ್ಲಬ್ಬಿಗೆ ಕಳಿಸುವುದು. ಮೊದಲ ಸಲವೇ ನಯವಾಗಿ ಇಲ್ಲ ಅನ್ನಿ. ಬರುವುದು ಇಷ್ಟದಿಂದ ಅನ್ನುವುದು ಕಾನೂನಿನಲ್ಲೇ ಇದೆಯಲ್ಲ. ಆ ಹುಡುಗನನ್ನು ಕರೆಯುವುದಿದ್ದರೆ ಅವನ ಸ್ನೇಹಿತನೊಬ್ಬ ಕರೆಯಲಿ.

ಕೊನೆಯದಾಗಿ ಜೂನ್ ತಿಂಗಳು. ಪದಾಧಿಕಾರಿಗಳೆಲ್ಲ ಹನ್ನೆರಡನೇ ತರಗತಿಯವರಾಗಿದ್ದರೆ ಪದವಿ ಸಮಾರಂಭದ ದಿನವೇ ಕ್ಲಬ್ಬೂ ಬೀಳ್ಕೊಳ್ಳುತ್ತದೆ. ಏಪ್ರಿಲ್ ಮೊದಲ ವಾರದಲ್ಲಿ ಚುನಾವಣೆ ಮುಗಿಯಲಿ, ಅಧ್ಯಕ್ಷರಾಗುವವರು ಹನ್ನೊಂದನೆಯವರು, ಕಾರ್ಯದರ್ಶಿ ಹತ್ತನೆಯವರು. ಮೇ ತಿಂಗಳ ಸಭೆಗಳನ್ನು ಹೊಸಬರು ನಡೆಸಲಿ, ಹಳಬರು ಹಿಂದಿನ ಕುರ್ಚಿಯಲ್ಲಿ ಕೂರಲಿ. ಕೈದಾಟಿಸುವ ಕಡತದಲ್ಲಿ ಇರಬೇಕಾದವು: ಗಡುವುಗಳ ಕ್ಯಾಲೆಂಡರು, ಪ್ರಶ್ನೆ ಕೊಟ್ಟ ಮೇಷ್ಟ್ರುಗಳ ಹೆಸರು, ತಡವಾದ ಬಸ್ಸಿನ ದಿನ, ಶಾಲೆಯ ಖಾತೆಯಲ್ಲಿರುವ ದುಡ್ಡು (ಯಾರ ಜೇಬಿನಲ್ಲೂ ಇರಬಾರದು), ಮತ್ತು ಎಂಟನೇ ತರಗತಿಯವರು ಹೈಸ್ಕೂಲು ನೋಡಲು ಬರುವ ದಿನಾಂಕ. ಆ ದಿನ ಬಾಗಿಲ ಬಳಿ ನಿಂತು ಅವರ ಹೆಸರು ಬರೆದುಕೊಳ್ಳಲು ಇಬ್ಬರನ್ನು ಈಗಲೇ ಗೊತ್ತುಮಾಡಿ.